ಗುಜರಿಗೆ ಕೊಡುವ ಮೊದಲು ವೈಸನ್ನೊಮ್ಮೆ ಬಿಚ್ಚಿ ನೋಡೋಣ

ಮುಳ್ಳೇರಿಯದ ಅಳಿಯ: ಕುಟುಂಬದ ಗುಂಪಿನ ಎಲ್ಲರಿಗೂ ನಮಸ್ಕಾರ. ಮೇಲೆ ನಾನು ಹಾಕಿರುವ ಉಪಕರಣಗಳ ಜಾಹೀರಾತನ್ನು ದಯವಿಟ್ಟು ನೋಡಿ. ದವಡೆಗಳ ನಡುವೆ ಕೆಲಸದ ತುಂಡನ್ನು ಬಿಗಿಹಿಡಿಯುವ ವೈಸ್, ಲೋಹ ಉಜ್ಜುವ ಅರ, ಸ್ಪ್ಯಾನರ್, ಸುತ್ತಿಗೆ, ಡ್ರಿಲ್ ಬಿಟ್ ಎಲ್ಲವೂ ಒಟ್ಟಿಗೆ ರಿಯಾಯಿತಿ ದರದಲ್ಲಿ ಸಿಗುತ್ತಿವೆ. ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಪಂಪ್ ಶೆಡ್ಡಿನಲ್ಲಿರುವ ಹಳೆಯ ಸಾಮಾನುಗಳನ್ನು ಗುಜರಿಗೆ ಕೊಟ್ಟು, ಎಲ್ಲರೂ ಸೇರಿ ಇದನ್ನು ತರಿಸೋಣವೇ?

ನಾನು: ಅಳಿಯಾ, ಗುಜರಿಯ ಮಾತನ್ನು ನಾನು ಒಪ್ಪುವುದಿಲ್ಲ. ಉಪಕರಣ ಸವೆದಿದೆ ಎನ್ನುವಾಗ ಸಾಮಾನ್ಯವಾಗಿ ಸವೆದಿರುವುದು ಅದರ ಒಂದು ಸಣ್ಣ ಭಾಗ ಮಾತ್ರ. ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸಿದರೂ ವೈಸಿನ ದವಡೆ ಕದಲುವುದಿಲ್ಲವೆಂಬ ದೂರಿದೆಯಲ್ಲ, ಅದಕ್ಕೆ ಕಾರಣ ಹಿಡಿಕೆಯ ಸ್ಕ್ರೂ ಹಾದುಹೋಗುವ ಒಳಗಿನ ನಟ್ಟು ಸವೆದಿರುವುದು. ಸವೆತವೆಲ್ಲ ನಟ್ಟಿನ ಪಾಲಿಗೆ ಬಂದು ಸ್ಕ್ರೂ ಉಳಿಯಲೆಂದೇ ಅದನ್ನು ಹೆಚ್ಚಾಗಿ ಮೆದು ಲೋಹದಲ್ಲಿ ಮಾಡಿರುತ್ತಾರೆ. ಕಂಚಿನ ಹೊಸ ನಟ್ಟನ್ನು ಲೋಹ ಕಡೆಯುವ ಯಂತ್ರವಾದ ಲೇತಿನಲ್ಲಿ ಮಾಡಿಸಿ, ದವಡೆಯ ಎರಡು ಪಟ್ಟಿಗಳ ಸ್ಕ್ರೂ ಬಿಚ್ಚಿ ಬದಲಾಯಿಸಿದರೆ ಆ ಭಾರದ ಎರಕದ ದೇಹ ಇನ್ನೊಂದು ತಲೆಮಾರಿಗೆ ಬರುತ್ತದೆ.

ಮುಳ್ಳೇರಿಯದ ಅಳಿಯ: ಮಾವ, ಲೇತಿನವರ ಮಜೂರಿ, ಕಾಸರಗೋಡಿಗೆ ಹೋಗಿಬರುವ ಖರ್ಚು, ಹಾಳಾಗುವ ಒಂದು ದಿನ, ಇವನ್ನೆಲ್ಲ ಕೂಡಿಸಿದರೆ ಉಳಿತಾಯವೆಲ್ಲಿದೆ? ಅರಗಳಂತೂ ಕಬ್ಬಿಣದ ಮೇಲೆ ಸುಮ್ಮನೆ ಜಾರುತ್ತಿವೆ.

ನಾನು: ಅರಗಳಿಗೆ ನಿನ್ನ ದಿನವೇನೂ ಹಾಳಾಗಬೇಕಾಗಿಲ್ಲ. ಮೊದಲು ಅವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡು. ಹಲ್ಲುಗಳ ತುದಿಯಲ್ಲಿ ಸಣ್ಣ ಬಿಳಿ ಗೆರೆ ಹೊಳೆದರೆ ಅವು ಮೊಂಡಾಗಿವೆ ಎಂದರ್ಥ. ಹಲ್ಲು ಮುರಿದಿದ್ದರೆ ಮಾತ್ರ ಆಸೆ ಬಿಡಬೇಕು. ಹಲ್ಲುಗಳ ಸಂದಿನಲ್ಲಿ ಕಚ್ಚಿಕೊಂಡ ಲೋಹದ ಚೂರುಗಳನ್ನು ತಂತಿ ಬ್ರಷ್ಷಿನಿಂದ ತೆಗೆದು, ಎಣ್ಣೆ ಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆದು, ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರಿನಲ್ಲಿ ರಾತ್ರಿಯಿಡೀ ಮುಳುಗಿಸಿಡು. ಅದರಲ್ಲಿರುವ ಶೇಕಡಾ 4–5ರಷ್ಟು ಅಸಿಟಿಕ್ ಆಮ್ಲ ಹಲ್ಲಿನ ಇಳಿಜಾರುಗಳನ್ನು ನಿಧಾನವಾಗಿ ತಿಂದು ಅಂಚನ್ನು ಮತ್ತೆ ಚೂಪು ಮಾಡುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯನ್ನೇ ಬಳಸು. ಬೆಳಿಗ್ಗೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ ತೆಗೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚದಿದ್ದರೆ ನಮ್ಮ ಕಡಲ ಗಾಳಿಗೆ ಸಂಜೆಯೊಳಗೆ ತುಕ್ಕು ಹಿಡಿದೀತು. ಪ್ರತಿ ಸಲವೂ ಹಲ್ಲು ಸ್ವಲ್ಪ ಕಿರಿದಾಗುವುದರಿಂದ ಈ ಉಪಾಯ ಒಂದೆರಡು ಬಾರಿಗಷ್ಟೇ ನಡೆಯುತ್ತದೆ.

ಪೆರ್ಲದ ಭಾವ: ಭಾವ, ನೀವು ಹೇಳುವುದು ಅರಕ್ಕೆ ಸರಿ. ಆದರೆ ಬಾಯಿ ಅಗಲವಾದ ಸ್ಪ್ಯಾನರಿಗೆ ಬೆಸುಗೆ ಹಾಕಿಸಿ, ಅದು ಜಾರಿ ಬೆರಳ ಗೆಣ್ಣು ಒಡೆದುಕೊಂಡವರನ್ನು ನಾನು ಕಂಡಿದ್ದೇನೆ. ಎಲ್ಲವನ್ನೂ ರಿಪೇರಿ ಮಾಡುವ ಹಟ ಬೇಡ.

ನಾನು: ನೀವು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಭಾವ. ಸ್ಪ್ಯಾನರಿನ ಬಲ ಅದರ ಉಕ್ಕನ್ನು ಕಾಯಿಸಿ ತಣಿಸಿ ಹದ ಮಾಡಿದ ರೀತಿಯಲ್ಲಿದೆ; ಬೆಸುಗೆಯ ಬಿಸಿಗೆ ಆ ಹದ ಕೆಡುತ್ತದೆ, ಆದ್ದರಿಂದ ಅದನ್ನು ಗುಜರಿಗೇ ಹಾಕಿ ಹೊಸತನ್ನು ತರಿಸೋಣ. 5 ಮಿಲಿಮೀಟರಿಗಿಂತ ಸಣ್ಣ ಡ್ರಿಲ್ ಬಿಟ್ಟುಗಳಿಗೆ ಸಾಣೆ ಹಿಡಿಯುತ್ತ ಕುಳಿತುಕೊಳ್ಳುವುದೂ ದಂಡವೇ. ಚಾಣದ ವಿಷಯ ಬೇರೆ. ಪೆಟ್ಟು ತಿಂದು ತಲೆಯ ಅಂಚು ಹೊರಕ್ಕೆ ಮಡಚಿಕೊಂಡಿದ್ದರೆ ಆ ಅಂಚು ಸಿಡಿದು ಕಣ್ಣಿಗೆ ಬೀಳಬಹುದಾದ್ದರಿಂದ ಇಂದೇ ಗ್ರೈಂಡರಿನಲ್ಲಿ ತೆಗೆಯಬೇಕು. ಬಾಯಿಗೆ ಸಾಣೆ ಹಿಡಿಯುವಾಗ ಆಗಾಗ ನೀರಿನಲ್ಲಿ ಅದ್ದಬೇಕು. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಸುಮಾರು 300 ಡಿಗ್ರಿ ಬಿಸಿಯಾಗಿ ಅಲ್ಲಿಯ ಗಡಸು ಇಳಿದಿದೆ ಎಂದು ತಿಳಿಯಬೇಕು.

ಬದಿಯಡ್ಕದ ಅಕ್ಕ: ತಮ್ಮಾ, ನಮ್ಮ ಸುತ್ತಿಗೆಯ ತಲೆ ಬೇಸಗೆ ಬಂದೊಡನೆ ಸಡಿಲವಾಗುತ್ತದೆ. ನಾವು ಅದನ್ನು ನೀರಿನ ಬಾಲ್ದಿಯಲ್ಲಿ ಇಡುತ್ತೇವೆ. ಅಷ್ಟು ಸಾಲದೇ?

ನಾನು: ಸಾಲದು, ಅಕ್ಕಾ. ನೀರು ಕುಡಿದು ಉಬ್ಬಿದ ಮರದ ನಾರು ಕಬ್ಬಿಣದ ತೂತಿನೊಳಗೆ ಜಜ್ಜಿಹೋಗಿ, ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಚೆನ್ನಾಗಿ ಒಣಗಿದ ಪೇರಳೆ ಗೆಲ್ಲಿನಿಂದ ಹೊಸ ಹಿಡಿ ಮಾಡಿಸಿ ಬೆಣೆ ಹೊಡೆಸಿ.

ಮುಳ್ಳೇರಿಯದ ಅಳಿಯ: ಸ್ಪ್ಯಾನರ್ ಮತ್ತು ಸಣ್ಣ ಬಿಟ್ಟುಗಳನ್ನು ಮಾತ್ರ ತರಿಸುತ್ತೇನೆ, ಮಾವ. ಶನಿವಾರ ಕಾಸರಗೋಡಿಗೆ ಹೇಗೂ ಹೋಗಲಿಕ್ಕಿದೆ. ವೈಸಿನ ಹಳೆಯ ನಟ್ಟನ್ನು ಒಯ್ದರೆ ಸಾಕಲ್ಲವೇ?

ನಾನು: ನಟ್ಟನ್ನು ಮಾತ್ರ ಒಯ್ಯಬೇಡ, ಸ್ಕ್ರೂವನ್ನೂ ಒಯ್ಯಿ. ಸವೆದ ನಟ್ಟನ್ನು ಅಳೆದು ಮಾಡಿದರೆ ಅದೇ ಸಡಿಲು ಮತ್ತೆ ಬರುತ್ತದೆ. ಸ್ಕ್ರೂವಿನ ತುದಿಭಾಗದಲ್ಲಿ ಹೆಚ್ಚು ಸವೆಯದ ಮರೆಗಳು, ಅಂದರೆ ಸುರುಳಿ ಗೆರೆಗಳು, ಇರುತ್ತವೆ. ಅಳತೆಯನ್ನು ಅಲ್ಲಿಂದಲೇ ತೆಗೆದುಕೊಳ್ಳಲು ಹೇಳು.