ವಿಲಿಯಮ್ಸ್ ತಂಡ ಯಾಕೆ ಮೇಲೆ ಬರ್ತಾ ಇಲ್ಲ? ದುಡ್ಡೊಂದೇ ಕಾರಣನಾ?

ಕೆಲಮಂಗಲದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಹೊಸೂರಲ್ಲಿ ಡಿಪ್ಲೊಮಾ ಓದ್ತಿದ್ದೇನೆ. ಫಾರ್ಮುಲಾ ಒನ್ ಕಾರ್ ರೇಸ್ ನೋಡೋಕೆ ಶುರು ಮಾಡಿ ಜಾಸ್ತಿ ದಿನ ಆಗಿಲ್ಲ. ವಿಲಿಯಮ್ಸ್ 9 ಸಲ ಚಾಂಪಿಯನ್ ತಂಡ. ಕೊನೆಯದು 1997ರಲ್ಲಿ. ರೇಸ್ ಗೆದ್ದದ್ದೂ 2012ರ ಸ್ಪೇನ್‌ನಲ್ಲೇ ಕೊನೆ. 2018ರಿಂದ ಮೂರು ವರ್ಷ ಕಟ್ಟಕಡೆಯ ಸ್ಥಾನ. ಇರೋದು ಮರ್ಸಿಡಿಸ್ ಎಂಜಿನ್, ಆದರೂ ಯಾಕೆ ಹೀಗೆ? ಡ್ರೈವರ್‌ಗಳು ಸರಿಯಿಲ್ಲವಾ?

ತಾಳವಾಡಿ ಬೆಟ್ಟ:
ದುಡ್ಡೇ ಕಾರಣ. 1997ರ ಸುಮಾರಿಗೆ ಕಾರ್ ಡಿಸೈನರ್ ಏಡ್ರಿಯನ್ ನ್ಯೂವೀ ಎದುರಾಳಿ ತಂಡ ಮೆಕ್‌ಲಾರೆನ್‌ಗೆ ಹೋದರು, ರೆನೋ ಕಂಪನಿಯೂ ಎಂಜಿನ್ ಕೊಡುವುದನ್ನು ಬಿಟ್ಟಿತು. 2018ರ ಕೊನೆಗೆ ಮಾರ್ಟಿನಿ ಪ್ರಾಯೋಜಕತ್ವವೂ ಹೋಯ್ತು. 2020ರಲ್ಲಿ ವಿಲಿಯಮ್ಸ್ ಕುಟುಂಬದವರು ತಂಡವನ್ನು ಡೊರಿಲ್ಟನ್ ಅನ್ನೋ ಅಮೆರಿಕದ ಹೂಡಿಕೆ ಕಂಪನಿಗೆ ಮಾರಿದರು.

ಸಿಪ್ಕಾಟ್ ಶಿಫ್ಟ್:
ತಮ್ಮಾ, ಡ್ರೈವರ್ ಮೇಲೆ ತಪ್ಪು ಹಾಕಬೇಡ. ಎಂಜಿನ್ ಮೇಲೂ ಬೇಡ. ಅದೇ ಮರ್ಸಿಡಿಸ್ ಎಂಜಿನ್ ಹಾಕಿಕೊಂಡು ಮೆಕ್‌ಲಾರೆನ್ 2024ರಲ್ಲೂ 2025ರಲ್ಲೂ ಚಾಂಪಿಯನ್ ಆಯ್ತು. ವಿಲಿಯಮ್ಸ್ ಸೋತದ್ದು ಟ್ರ್ಯಾಕಿನಲ್ಲಲ್ಲ, ಇಂಗ್ಲೆಂಡಿನ ಗ್ರೋವ್‌ನಲ್ಲಿರುವ ತನ್ನ ಫ್ಯಾಕ್ಟರಿಯಲ್ಲಿ.

ನಾನು ಇಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪ್‌ನಲ್ಲಿ ಪ್ಲಾನಿಂಗ್ ನೋಡಿಕೊಳ್ತೇನೆ. ಯಾವ ಜಾಬ್ ಯಾವ ಮಷಿನ್ ಮೇಲಿದೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೋದದ್ದು ವಾಪಸ್ ಬಂತಾ, ದಿನವಿಡೀ ಇದೇ ಕೆಲಸ. ಅದಕ್ಕೇ ಜೇಮ್ಸ್ ವೌಲ್ಸ್ ಹೇಳಿದ್ದನ್ನು ಓದಿ ನನಗೆ ಸಂಕಟ ಆಯ್ತು. ಅವರು ಮರ್ಸಿಡಿಸ್ ಬಿಟ್ಟು 2023ರಲ್ಲಿ ಈ ತಂಡದ ಮುಖ್ಯಸ್ಥರಾದವರು. ಬಂದು ನೋಡಿದರೆ ಕಾರಿನ ಸುಮಾರು 20,000 ಪಾರ್ಟ್‌ಗಳ ಲೆಕ್ಕ ಎಕ್ಸೆಲ್ ಫೈಲಿನಲ್ಲಿತ್ತಂತೆ! ಒಂದು ಪಾರ್ಟ್‌ಗೆ ಎಷ್ಟು ಖರ್ಚು, ಮಾಡೋಕೆ ಎಷ್ಟು ದಿನ, ಈಗ ಎಲ್ಲಿದೆ, ಯಾವುದಕ್ಕೂ ಅದರಲ್ಲಿ ಸರಿಯಾದ ಉತ್ತರ ಇಲ್ಲ.

ಇದು ಸಣ್ಣ ವಿಷಯ ಅಲ್ಲ. ಒಂದು ಬ್ರಾಕೆಟ್ ತಡವಾದರೆ ಅಸೆಂಬ್ಲಿ ನಿಲ್ಲುತ್ತೆ. ಅಸೆಂಬ್ಲಿ ನಿಂತರೆ ಟೆಸ್ಟಿಂಗ್ ಹೋಯ್ತು. 2019ರಲ್ಲಿ ಆದದ್ದು ಅದೇ. ಬಾರ್ಸಿಲೋನಾ ಟೆಸ್ಟ್‌ನ ಮೊದಲ ಎರಡು ದಿನ ಇವರ ಕಾರೇ ಬರಲಿಲ್ಲ. ಆ ವರ್ಷ ಸಿಕ್ಕಿದ್ದು ಒಟ್ಟು 1 ಅಂಕ. ಇನ್ನು 2024ರ ಮೆಲ್ಬರ್ನ್ ರೇಸ್. ಶುಕ್ರವಾರದ ಅಭ್ಯಾಸದಲ್ಲಿ ತಂಡದ ಡ್ರೈವರ್ ಆಲ್ಬನ್ ಗೋಡೆಗೆ ಗುದ್ದಿ ಚಾಸಿ, ಅಂದರೆ ಕಾರಿನ ಮುಖ್ಯ ಚೌಕಟ್ಟು, ಹಾಳಾಯ್ತು. ಸ್ಪೇರ್ ಚಾಸಿ ಇರಲಿಲ್ಲ. ಏನೂ ತಪ್ಪು ಮಾಡದ ಇನ್ನೊಬ್ಬ ಡ್ರೈವರ್ ಲೋಗನ್ ಸಾರ್ಜೆಂಟ್ ತನ್ನ ಕಾರನ್ನು ಆಲ್ಬನ್‌ಗೆ ಬಿಟ್ಟುಕೊಟ್ಟು ಸುಮ್ನೆ ನಿಂತು ರೇಸ್ ನೋಡಬೇಕಾಯ್ತು. ಆಲ್ಬನ್ 11ನೇಯವನಾದ, ಅಂಕವೂ ಇಲ್ಲ. ಆ ಹುಡುಗನ ಮುಖ ನೋಡಿ ನನಗೆ ನಿಜಕ್ಕೂ ಬೇಜಾರಾಯ್ತು.

ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳೋದು ಹೊರಗಿನವರಿಗೆ ಕಾಣದ ಕಡೆಗೆ. ಹಳೇ ಮಷಿನ್, ಹಳೇ ಸಾಫ್ಟ್‌ವೇರ್ ಹಾಗೇ ಉಳಿಯುತ್ತೆ. ಕಾರಿಗೆ ಬಣ್ಣ ಮಾತ್ರ ಪ್ರತಿ ವರ್ಷ ಹೊಸದು.

ಕೆಲಮಂಗಲದ ಹುಡುಗ:
ಅಣ್ಣಾ, ಈಗ ಡೊರಿಲ್ಟನ್ ಹತ್ತಿರ ದುಡ್ಡಿದೆ ಅಲ್ವಾ? ಒಂದೇ ಸಲ ಎಲ್ಲ ಕೊಂಡುಬಿಡಬಹುದಲ್ಲ?

ಸಿಪ್ಕಾಟ್ ಶಿಫ್ಟ್:
ಆಗಲ್ಲ ತಮ್ಮಾ. 2021ರಿಂದ ಖರ್ಚಿಗೆ ಮಿತಿ ಇದೆ. ಮೊದಲ ವರ್ಷ 14.5 ಕೋಟಿ ಡಾಲರ್. ಮಷಿನ್, ಕಟ್ಟಡಕ್ಕೆ ಹಾಕುವ ದುಡ್ಡಿಗೆ ಬೇರೆಯೇ ಮಿತಿ. ದೊಡ್ಡ ತಂಡಗಳು ನಿಯಮ ಬರೋದಕ್ಕೆ ಮುಂಚೆಯೇ ಎಲ್ಲ ಕೊಂಡು ಕೂತಿದ್ದವು. ಹಿಂದಿದ್ದವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ವೌಲ್ಸ್ ಇದಕ್ಕಾಗಿ ತುಂಬ ವಾದ ಮಾಡಿದರು, ಕೊನೆಗೆ ಕೆಳಗಿನ ತಂಡಗಳಿಗೆ ಸ್ವಲ್ಪ ಜಾಸ್ತಿ ಅವಕಾಶ ಸಿಕ್ಕಿತು. ಗಾಳಿ ಬಿಟ್ಟು ಕಾರಿನ ಆಕಾರ ಪರೀಕ್ಷಿಸುವ ವಿಂಡ್ ಟನೆಲ್‌ನ ಸಮಯವೂ ಹಿಂದಿನವರಿಗೇ ಜಾಸ್ತಿ. ನಿಗದಿತ ಮೂಲ ಸಮಯದಲ್ಲಿ ಚಾಂಪಿಯನ್‌ಗೆ 70 ಶೇಕಡಾ, 10ನೇ ತಂಡಕ್ಕೆ 115. ಆದರೆ ಟನೆಲ್‌ನಲ್ಲಿ ಒಳ್ಳೇ ರೆಕ್ಕೆ ಕಂಡುಹಿಡಿದರೆ ಸಾಕಾ? ಅದನ್ನು ಬೇಗ ಮಾಡಿ ಕಾರಿಗೆ ಹಾಕಬೇಕಲ್ಲ.

ತಾಳವಾಡಿ ಬೆಟ್ಟ:
ಇದು ನನಗೆ ಹೊಳೆದಿರಲಿಲ್ಲ. 2025ರಲ್ಲಿ 5ನೇ ಸ್ಥಾನ ಬಂತಲ್ಲ, ಬಾಕುವಿನಲ್ಲೂ ಕತಾರ್‌ನಲ್ಲೂ ನಮ್ಮ ಡ್ರೈವರ್ ಕಾರ್ಲೋಸ್ ಸೈನ್ಸ್ ಮೂರನೇಯವನಾಗಿ ಪೋಡಿಯಂ ಹತ್ತಿದ. ಅದಕ್ಕೂ ಇದೇ ಕಾರಣ ಅಂತೀರಾ?

ಸಿಪ್ಕಾಟ್ ಶಿಫ್ಟ್:
ಸೈನ್ಸ್ ಒಳ್ಳೇ ಡ್ರೈವರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಪೂರ್ತಿ ಇಬ್ಬರಿಗೂ ಅಂಕ ತರುವ ಕಾರು ಸಿಕ್ಕಿದೆ ಅಂದರೆ ಫ್ಯಾಕ್ಟರಿ ಸುಧಾರಿಸಿದೆ ಅಂತಲೇ ಅರ್ಥ. ತಮ್ಮಾ, ಮುಂದಿನ ಸಲ ನೋಡುವಾಗ ಲ್ಯಾಪ್ ಟೈಮ್ ಜೊತೆಗೆ ಇದನ್ನೂ ಗಮನಿಸು: ಹೊಸ ಫ್ಲೋರ್ (ಕಾರಿನ ತಳಭಾಗ), ಹೊಸ ರೆಕ್ಕೆ ತಂದಾಗ ಎರಡೂ ಕಾರಿಗೆ ಒಟ್ಟಿಗೆ ಹಾಕಿದ್ದಾರಾ, ಒಂದಕ್ಕೇ ಹಾಕಿದ್ದಾರಾ ಅಂತ.