ಸಹಾಯ ಬೇಕು: ಧಾರವಾಡದಲ್ಲಿ 80 ಜನರ ಊಟ, ಬಿಸಿ ರೊಟ್ಟಿ ಬಡಿಯುವವರು ಯಾರಾದರೂ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಶಾಸಕರ ಮನೆಯವರು ಮುಂದಿನ ತಿಂಗಳು ಧಾರವಾಡದಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡಿದ್ದಾರೆ. ಕಸೂತಿ ಹಾಕುವವರು, ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳು, ಬೆಂಗಳೂರಿನಿಂದ ಕೆಲವು ಮಂತ್ರಿಗಳ ಪತ್ನಿಯರು, ಒಟ್ಟು 80 ಜನ. ವ್ಯವಸ್ಥೆ ನನ್ನದು.

ದೊಡ್ಡ ಚಿಂತೆ ರೊಟ್ಟಿಯದ್ದು. ಖಡಕ್ ರೊಟ್ಟಿ ಮೊದಲೇ ತಂದಿಡಬಹುದು. ಆದರೆ ಎಣ್ಣೆಗಾಯಿ ಜೊತೆ ಬಿಸಿ ರೊಟ್ಟಿನೇ ಬೇಕು ಅಲ್ವಾ? ಹೋದ ಸಲ ಒಂದು ಕಾರ್ಯಕ್ರಮದಲ್ಲಿ ಬೆಳಿಗ್ಗೆ ಬಡಿದ ರೊಟ್ಟಿ ಡಬ್ಬಿಯಲ್ಲೇ ಬೆವೆತು, ಅಂಚು ಚರ್ಮದ ಹಾಗೆ ಆಗಿತ್ತು. ವಯಸ್ಸಾದವರು ಮುರಿಯಲಾಗದೆ ಅನ್ನಕ್ಕೆ ಕಾದು ಕೂತರು. ನನಗೆ ತುಂಬಾ ಬೇಜಾರಾಯಿತು. ಅಲ್ಲೇ ಒಲೆ ಹೂಡಿ, ಪಂಕ್ತಿ ಕೂತ ಮೇಲೆ ಬಡಿದು ಕೊಡುವವರು ಗೊತ್ತಿದ್ದರೆ ಹೇಳಿ. 80 ಜನಕ್ಕೆ ಎಷ್ಟು ಹಂಚು, ಎಷ್ಟು ಕೈ ಬೇಕು? ಶೇಂಗಾ ಚಟ್ನಿ, ಝುಣಕ, ಮೊಸರು, ಪೇಡೆ ಎಲ್ಲಾ ಗೊತ್ತು ಮಾಡಿಯಾಗಿದೆ.

ಇನ್ನೊಂದು, ಕೂರಿಸುವ ವಿಷಯ. ಸುಮ್ನೆ ಬಿಟ್ಟರೆ ಗಣ್ಯರೆಲ್ಲ ಮುಂದೆ, ನೇಯುವವರು ಬಾಗಿಲ ಹತ್ತಿರ. ಹಾಗಾಗಬಾರದು, ಬೆರೆಸಿಯೇ ಕೂರಿಸಬೇಕು ಅಂತ ಮೇಡಂ ಹೇಳಿದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ. ಎಲೆಯ ಮುಂದೆ ಹೆಸರಿನ ಚೀಟಿ ಇಡೋಣ ಅಂದರೆ, ಕೆಲವು ಅಜ್ಜಿಯರಿಗೆ ಓದಲು ಬರಲ್ಲ. ಅವರಿಗೆ ಮುಜುಗರ ಆಗದ ಹಾಗೆ ಹೇಗೆ ಮಾಡುವುದು? ಇಂಥ ಊಟ ನಡೆಸಿದವರು ದಯವಿಟ್ಟು ತಿಳಿಸಿ.

ಕೈ ಒರೆಸುವ ಬಟ್ಟೆಗೆ ಕಸೂತಿಯ ಗವಂತಿ ಹೊಲಿಗೆಯ ಅಂಚು ಹಾಕಿಸುತ್ತಿದ್ದೇವೆ. ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ, ಎಲ್ಲೂ ಗಂಟಿಲ್ಲ. ಹಾಕಿದವರೇ ಅತಿಥಿಗಳಾಗಿ ಬರುತ್ತಿದ್ದಾರೆ.