ಸಹಾಯ ಬೇಕು: ನಿಲೋಟಿನಿಬ್ ಮಾತ್ರೆ, ಸಕ್ಕರೆ ಕಾಯಿಲೆ ಮತ್ತು ಊಟದ ಹೊತ್ತು

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿರುವ ನಮ್ಮ ತಾಯಿಯವರಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದ್ದು, ಇಮ್ಯಾಟಿನಿಬ್ ಬದಲು ಈಗ ನಿಲೋಟಿನಿಬ್ ಕೊಟ್ಟಿದ್ದಾರೆ. ಮೊದಲಿನದನ್ನು ಊಟದೊಂದಿಗೆ ನುಂಗಬೇಕಿತ್ತು. ಇದನ್ನು 12 ತಾಸಿಗೊಮ್ಮೆ, ನುಂಗುವ 2 ತಾಸು ಮೊದಲಿನಿಂದ ನುಂಗಿದ 1 ತಾಸಿನವರೆಗೆ ಏನೂ ತಿನ್ನದೆ ತೆಗೆದುಕೊಳ್ಳಬೇಕು, ಏಕೆಂದರೆ ಆಹಾರ ಸೇರಿದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ಹೃದಯ ಬಡಿತದ ಲಯ ಕೆಡುವ ಅಪಾಯವಿದೆ.

ತೊಡಕಿರುವುದು ತಾಯಿಯವರ ಸಕ್ಕರೆ ಕಾಯಿಲೆಯಲ್ಲಿ. ನಸುಕಿನಲ್ಲೇ ಏಳುವ ಅವರಿಗೆ ಚಹಾದ ಜೊತೆ ಒಂದು ತುಂಡು ಜೋಳದ ರೊಟ್ಟಿಯಾದರೂ ಹೊಟ್ಟೆಗೆ ಬೀಳದಿದ್ದರೆ ಬೆವರಿ ಕೈ ನಡುಗುತ್ತದೆ. ಸಕ್ಕರೆ ಇಳಿಸಲು ಅವರು ಗ್ಲಿಮೆಪಿರೈಡ್ ಎಂಬ ಮಾತ್ರೆ ನುಂಗುತ್ತಾರೆ; ಅದನ್ನು ತೆಗೆದುಕೊಳ್ಳುವವರು ಉಪವಾಸವಿರುವುದು ಕ್ಷೇಮವಲ್ಲ. ಇತ್ತ ನಿಲೋಟಿನಿಬ್ ತಾನೇ ಸಕ್ಕರೆಯನ್ನು ಏರಿಸಬಲ್ಲದು. ನಮ್ಮ ಕಡೆಯ ಬೇಸಿಗೆಯಲ್ಲಿ ಭೇದಿಯಾದರೆ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದು ಹೃದಯಕ್ಕೆ ಇನ್ನಷ್ಟು ತೊಂದರೆಯಾದೀತೆಂಬ ಭಯವೂ ನನಗಿದೆ.

ನಿಲೋಟಿನಿಬ್, ಗ್ಲಿಮೆಪಿರೈಡ್ ಎರಡನ್ನೂ ಬಳಸುತ್ತಿರುವವರಿದ್ದರೆ, ಬೆಳಗಿನ ಮತ್ತು ರಾತ್ರಿಯ ವೇಳೆಯನ್ನು ನಿಮ್ಮ ವೈದ್ಯರು ಹೇಗೆ ಹೊಂದಿಸಿಕೊಟ್ಟರು, ಇಸಿಜಿ ಹಾಗೂ ರಕ್ತಪರೀಕ್ಷೆಯನ್ನು ಎಷ್ಟು ದಿನಕ್ಕೊಮ್ಮೆ ಮಾಡಿಸುತ್ತಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಗ್ರೇಪ್‌ಫ್ರೂಟ್ ಕೂಡದು ಎಂದಿದ್ದಾರೆ. ಅದೇ ಜಾತಿಯ ಚಕ್ಕೋತವನ್ನೂ ನಾವು ನಿಲ್ಲಿಸಿದ್ದೇವೆ. ಎದೆಯುರಿಗೆ ಅಂಗಡಿಯಿಂದ ತರುತ್ತಿದ್ದ ಗ್ಯಾಸ್ ಮಾತ್ರೆಯೂ ಈ ಔಷಧದ ಹೀರಿಕೆಯನ್ನು ತಗ್ಗಿಸಬಹುದಾದ್ದರಿಂದ, ಅದರ ಬದಲು ಏನು ಕೊಟ್ಟಿರಿ ಎಂಬುದನ್ನೂ ಬರೆಯಿರಿ. ನಿಮ್ಮ ಉತ್ತರಗಳನ್ನು ವೈದ್ಯರಿಗೆ ತೋರಿಸದೆ ಯಾವ ಬದಲಾವಣೆಯನ್ನೂ ಮಾಡುವುದಿಲ್ಲ.